ಕಾಲುನೋವಿನ ಫ್ರಾಂಕ್ಲಿನ್ ಮೆಟ್ಟಿಲು ಹತ್ತಿದ ಪ್ರಕರಣ

1776ರ ಜೂನ್ 21ರಂದು ಅಮೆರಿಕದ ಸ್ವಾತಂತ್ರ್ಯ ಹೋರಾಟದ ಹಿರಿಯ ಮುಂದಾಳು ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಿಂದ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಒಂದು ಪತ್ರ ಬರೆದ. ಗೌಟ್ ಎಂಬ ಕೀಲುನೋವು ಬಲವಾಗಿ ಹಿಡಿದಿತ್ತು, ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದೇನೆ, ವಸಾಹತುಗಳ ಪ್ರತಿನಿಧಿಗಳ ಕೂಟವಾದ ಕಾಂಗ್ರೆಸ್ಸಿನ ಸಭೆಗೂ ಹೋಗಿಲ್ಲ, ನಾಲ್ಕು ಜನರ ಮುಖವನ್ನೂ ನೋಡಿಲ್ಲ ಎಂಬುದು ಅದರ ಸಾರಾಂಶ. ಆಗ ಆತನ ವಯಸ್ಸು 70. ಅದೇ ಊರಿನಲ್ಲಿ ಜೇಕಬ್ ಗ್ರಾಫ್ ಎಂಬಾತನ ಇಟ್ಟಿಗೆ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು, 33 ವರ್ಷದ ಥಾಮಸ್ ಜೆಫರ್ಸನ್ ಸ್ವಾತಂತ್ರ್ಯ ಘೋಷಣೆಯ ಕರಡು ಬರೆಯುತ್ತಿದ್ದ. ಹಿರಿಯ ಕಿರಿಯನಲ್ಲಿಗೆ ಹೋಗುವ ಸ್ಥಿತಿ ಇರಲಿಲ್ಲ. ಕರಡೇ ಹಿರಿಯನ ಮನೆಗೆ ಹೋಯಿತು. ದಯವಿಟ್ಟು ಓದಿ, ತಿದ್ದುಪಡಿ ಸೂಚಿಸಿ ಎಂಬ ಜೆಫರ್ಸನ್ನನ ಚೀಟಿ ಉಳಿದುಬಂದಿದೆ. ಅದರ ಮೇಲೆ ತಾರೀಖಿಲ್ಲ, ‘ಶುಕ್ರವಾರ ಬೆಳಗ್ಗೆ’ ಎಂದಷ್ಟೇ ಇದೆ. ಜೂನ್ 21 ಶುಕ್ರವಾರವೇ ಆಗಿತ್ತು.

206 ವರ್ಷಗಳ ನಂತರ, 1982ರ ಅಕ್ಟೋಬರ್ 1ರಂದು, ಫ್ಲಾರಿಡಾದ ಒಂದು ರಂಗಮಂದಿರದಲ್ಲಿ ಅದೇ ಫ್ರಾಂಕ್ಲಿನ್ ಸರಸರನೆ ಮೆಟ್ಟಿಲು ಹತ್ತಿ ಜೆಫರ್ಸನ್ನನ ಅಟ್ಟಕ್ಕೆ ಹೋದ. ಅಂದಿನಿಂದ ದಿನಕ್ಕೆ ಹಲವು ಬಾರಿ ಹತ್ತುತ್ತಲೇ ಬಂದಿದ್ದಾನೆ. ಹೀಗೆ ಮೆಟ್ಟಿಲು ಹತ್ತುವ ಯಂತ್ರಮಾನವನನ್ನು ಡಿಸ್ನಿಯವರು ಮಾಡಿದ್ದು ಅದೇ ಮೊದಲು. ಸಭಾಂಗಣದಲ್ಲಿ ಈಗಲೂ ಆ ಗಳಿಗೆಯಲ್ಲಿ ಒಂದು ಸಣ್ಣ ಗುಜುಗುಜು ಏಳುತ್ತದೆ. ಇತಿಹಾಸದಲ್ಲಿ ನಡೆಯದಿದ್ದುದಕ್ಕೆ ಆ ಗುಜುಗುಜು ಅಲ್ಲ, ಬೊಂಬೆ ನಡೆದದ್ದಕ್ಕೆ.

ಈ ಬರಹಕ್ಕೆ ಕಾರಣವಾದದ್ದು ಆ ಮೆಟ್ಟಿಲು. ದೇಶಭಕ್ತಿಯ ಮನರಂಜನೆಯೊಂದರಲ್ಲಿ ನಿಜ ಎಷ್ಟಿರಬೇಕು, ಕಲ್ಪನೆ ಎಷ್ಟಿರಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಪಾಕಶಾಸ್ತ್ರದ್ದು: ಇಷ್ಟು ಪಾಲು ಅದು, ಇಷ್ಟು ಪಾಲು ಇದು. ‘ದಿ ಅಮೆರಿಕನ್ ಅಡ್ವೆಂಚರ್’ ಎಂಬ ಈ ಪ್ರದರ್ಶನವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ನೋಡಿದರೆ ನನಗೆ ಬೇರೆಯೇ ಒಂದು ವಿಷಯ ಕಾಣುತ್ತದೆ. ಇಲ್ಲಿನ ದೊಡ್ಡ ಸುಳ್ಳುಗಳಿಂದ ಯಾರಿಗೂ ತೊಂದರೆಯಿಲ್ಲ. ಸಣ್ಣವು ತೊಂದರೆ ಕೊಡುತ್ತವೆ.

ಸ್ಥಳ ಮತ್ತು ಸಲಕರಣೆ

ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಎಪ್ಕಾಟ್ ಎಂಬ ಉದ್ಯಾನವಿದೆ. ಅಲ್ಲೊಂದು ಕೊಳದ ಸುತ್ತ ದೇಶಗಳ ಮಂಟಪಗಳಿವೆ. ಮೆಕ್ಸಿಕೊ, ಚೀನಾ, ಜರ್ಮನಿ, ಇಟಲಿ, ಜಪಾನ್ ಎಲ್ಲ ಆಚೀಚೆ ಇದ್ದರೆ, ನಟ್ಟನಡುವೆ ಆತಿಥೇಯ ದೇಶದ ಕೆಂಪು ಇಟ್ಟಿಗೆಯ ಕಟ್ಟಡ. ಹದಿನೆಂಟನೆಯ ಶತಮಾನದ ಜಾರ್ಜಿಯನ್ ಶೈಲಿ. ನೋಡುವವರಿಗೆ ಎರಡೂವರೆ ಅಂತಸ್ತಿನಂತೆ ಕಾಣುತ್ತದೆ, ನಿಜವಾದ ಎತ್ತರ ಐದು ಅಂತಸ್ತಿನಷ್ಟು. ಡಿಸ್ನಿಯ ಕೋಟೆಗಳು ಚಿಕ್ಕದನ್ನು ದೊಡ್ಡದಾಗಿ ತೋರಿಸುವ ಕಣ್ಕಟ್ಟಿಗೆ ಹೆಸರುವಾಸಿ. ಇಲ್ಲಿ ಕಿಟಕಿ ಬಾಗಿಲುಗಳ ಅಳತೆಯನ್ನು ಹಿಗ್ಗಿಸಿ, ದೊಡ್ಡದನ್ನು ಚಿಕ್ಕದಾಗಿ ಕಾಣಿಸಿದ್ದಾರೆ. ಒಳಗೆ ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಸಿಗಲಾರದು.

ಒಳಗೆ ಸುಮಾರು ಸಾವಿರ ಆಸನಗಳ ರಂಗಮಂದಿರ. ಒಬ್ಬ ಮನುಷ್ಯ ನಟನೂ ಇಲ್ಲ. 35 ಯಂತ್ರಬೊಂಬೆಗಳು, ಅವುಗಳ ಹಿಂದೆ 155 ಅಡಿ ಅಗಲದ ಪರದೆ. ದೃಶ್ಯಗಳನ್ನೆಲ್ಲ ಹೊತ್ತ 175 ಟನ್ ತೂಕದ ಒಂದು ಭಾರಿ ಗಾಡಿ ಪ್ರೇಕ್ಷಕರ ಕಾಲ ಕೆಳಗೇ ಹಿಂದೆ ಮುಂದೆ ಚಲಿಸುತ್ತದೆ. ಬೇಕಾದ ದೃಶ್ಯ ಬೇಕಾದ ಹೊತ್ತಿಗೆ ಅದರಿಂದ ಮೇಲೇಳುತ್ತದೆ. ಕೆಲಸದವರು ಅದಕ್ಕೆ ‘ವಾರ್ ವ್ಯಾಗನ್’ ಎನ್ನುತ್ತಾರೆ, ನಮ್ಮಲ್ಲಾಗಿದ್ದರೆ ತೇರು ಎನ್ನುತ್ತಿದ್ದೆವು. ಸಭಾಂಗಣದ ಎರಡೂ ಬದಿಗೆ ಹನ್ನೆರಡು ಪ್ರತಿಮೆಗಳಿವೆ. ಸ್ವಾತಂತ್ರ್ಯ, ಸ್ವಾವಲಂಬನೆ, ಕರುಣೆ, ಅನ್ವೇಷಣೆ ಹೀಗೆ ಒಂದೊಂದು ಗುಣಕ್ಕೆ ಒಂದೊಂದು. ಹನ್ನೆರಡರಲ್ಲಿ ಒಂದೂ ದುರ್ಗುಣವಿಲ್ಲ. ಆರಂಭದ ಪ್ರಾಯೋಜಕರು ಅಮೆರಿಕನ್ ಎಕ್ಸ್‌ಪ್ರೆಸ್ ಮತ್ತು ಕೋಕಾಕೋಲ. ಸಂಭಾಷಣೆ ಬರೆದವರು ಡಿಸ್ನಿಯ ವಿನ್ಯಾಸ ಬಳಗದ ರ‍್ಯಾಂಡಿ ಬ್ರೈಟ್.

ಬ್ರೈಟ್ ಅವರ ಮುಂದಿದ್ದ ಇಕ್ಕಟ್ಟನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಅವಧಿ ಅರ್ಧ ಗಂಟೆಗೆ ಒಂದು ನಿಮಿಷ ಕಡಿಮೆ. ಹೇಳಬೇಕಾದ ಕಾಲ 1620ರಿಂದ ಈಚೆಗೆ 360 ವರ್ಷ. ಅಂದರೆ ನಿಮಿಷಕ್ಕೆ ಹನ್ನೆರಡು ವರ್ಷ. ಕೇಳುಗರು ಯಾರು? ಬಿಸಿಲಿನಲ್ಲಿ ಅಲೆದು, ಊಟ ಮುಗಿಸಿ, ತಂಪಾದ ಜಾಗದಲ್ಲಿ ಕಾಲು ಚಾಚಲು ಬಂದ ಸಂಸಾರಗಳು. ಅರ್ಧದಷ್ಟು ಮಕ್ಕಳು. ದೇಶ ವಿಯೆಟ್ನಾಂ ಯುದ್ಧವನ್ನೂ ವಾಟರ್‌ಗೇಟ್ ಹಗರಣವನ್ನೂ ದಾಟಿ ಬಂದು ಇನ್ನೂ ಹತ್ತು ವರ್ಷ ಸರಿಯಾಗಿ ಕಳೆದಿರಲಿಲ್ಲ. ಬರೀ ಜಯಕಾರ ಕೂಗಿದರೆ ದೊಡ್ಡವರು ನಗುತ್ತಿದ್ದರು, ಬರೀ ತಪ್ಪೊಪ್ಪಿಗೆಯಾದರೆ ಟಿಕೆಟ್ಟಿನ ಹಣ ವಾಪಸ್ ಕೇಳುತ್ತಿದ್ದರು.

ಇಬ್ಬರು ಅರ್ಥಧಾರಿಗಳು

ಇದಕ್ಕೆ ಕಂಡುಕೊಂಡ ಉಪಾಯ ಇಬ್ಬರು ನಿರೂಪಕರು: ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಹಾಸ್ಯ ಲೇಖಕ ಮಾರ್ಕ್ ಟ್ವೇನ್. ಫ್ರಾಂಕ್ಲಿನ್ ಸತ್ತದ್ದು 1790ರಲ್ಲಿ, ಟ್ವೇನ್ ಹುಟ್ಟಿದ್ದು 1835ರಲ್ಲಿ. ನಡುವೆ 45 ವರ್ಷಗಳ ಅಂತರ. ಇಬ್ಬರೂ ಒಂದೇ ವೇದಿಕೆಯ ಮೇಲೆ ಕುಳಿತು, ಒಬ್ಬ ಚುಟ್ಟ ಸೇದುತ್ತಾ ಇನ್ನೊಬ್ಬನ ಉತ್ಸಾಹಕ್ಕೆ ತಣ್ಣೀರು ಎರಚುತ್ತಾ, ತಮ್ಮ ಕಾಲಕ್ಕೆ ಸೇರದ ಯುದ್ಧಗಳ ಬಗ್ಗೆಯೂ ಮಾತಾಡುತ್ತಾರೆ. ಮೊದಲ ಆಲೋಚನೆಯಲ್ಲಿ ಇಪ್ಪತ್ತನೆಯ ಶತಮಾನದ ಪ್ರತಿನಿಧಿಯಾಗಿ ಹಾಸ್ಯಗಾರ ವಿಲ್ ರಾಜರ್ಸ್ ಮೂರನೆಯವನಾಗಿ ಇದ್ದ. ಆಮೇಲೆ ಅವನನ್ನು ಒಂದು ಸಣ್ಣ ಪಾತ್ರಕ್ಕೆ ಇಳಿಸಿದರು. ಈಗ ಅವನು ಕೈಯಲ್ಲಿ ಹಗ್ಗ ತಿರುಗಿಸುತ್ತಾ ಬಂದು ಹೋಗುತ್ತಾನೆ.

ತಾಳಮದ್ದಲೆ ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ವಾಲಿಯೂ ರಾಮನೂ ಎರಡು ಗಂಟೆ ವಾದ ಮಾಡಿದರೆಂದು ಯಾವ ಕೇಳುಗನೂ ನಂಬುವುದಿಲ್ಲ. ಬಾಣ ನಾಟಿದವನಿಗೆ ಅಷ್ಟು ಪುರುಸೊತ್ತು ಎಲ್ಲಿಂದ? ಆದರೂ ಧರ್ಮದ ಪ್ರಶ್ನೆ ಅಲ್ಲಿ ನಿಜವಾಗಿ ಬಿಚ್ಚಿಕೊಳ್ಳುತ್ತದೆ. ಮಾತು ಕಲ್ಪನೆಯದ್ದು, ಪ್ರಶ್ನೆ ನಿಜದ್ದು ಎಂಬ ಒಪ್ಪಂದ ಎರಡೂ ಕಡೆಯವರಿಗೆ ಗೊತ್ತಿದೆ. ಫ್ರಾಂಕ್ಲಿನ್–ಟ್ವೇನ್ ಜೋಡಿಯೂ ಹೀಗೆಯೇ. ಸತ್ತವರಿಬ್ಬರು ಹರಟುತ್ತಿದ್ದಾರೆ ಎಂಬುದು ಮೊದಲ ಕ್ಷಣದಲ್ಲೇ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಮನೆಗೆ ಹೋಗಿ ಯಾರೂ ಅವರಿಬ್ಬರೂ ಗೆಳೆಯರಾಗಿದ್ದರು ಎಂದು ಹೇಳುವುದಿಲ್ಲ.

ಇದರಿಂದ ಇನ್ನೊಂದು ಲಾಭವಾಯಿತು. ಹೆಮ್ಮೆ ಒಬ್ಬನ ಬಾಯಲ್ಲಿ, ಸಂದೇಹ ಇನ್ನೊಬ್ಬನ ಬಾಯಲ್ಲಿ ಹಂಚಿಹೋಯಿತು. ಬೊಗಳೆ ಎನಿಸುವ ಮಾತು ಫ್ರಾಂಕ್ಲಿನ್‌ನಿಂದ ಬಂದ ಕೂಡಲೇ ಟ್ವೇನ್ ಗೊಣಗುತ್ತಾನೆ. ನೋಡುವವನ ಮನಸ್ಸಿನ ಗೊಣಗಾಟಕ್ಕೆ ವೇದಿಕೆಯ ಮೇಲೇ ಒಂದು ಕುರ್ಚಿ ಹಾಕಿಕೊಟ್ಟಂತೆ. ಇಡೀ ಪ್ರದರ್ಶನದಲ್ಲಿ ಅತ್ಯಂತ ಜಾಣತನದ ನಿರ್ಧಾರ ಇದು ಎಂದು ನನ್ನ ಎಣಿಕೆ.

ಆದರೆ ಆ ಗೊಣಗಾಟದ ಹಲ್ಲು ಕಿತ್ತಿದ್ದಾರೆ. ನಿಜವಾದ ಟ್ವೇನ್ 1901ರಿಂದ ಸಾಯುವವರೆಗೂ, ಅಂದರೆ 1910ರವರೆಗೂ, ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಉಪಾಧ್ಯಕ್ಷರಲ್ಲಿ ಒಬ್ಬನಾಗಿದ್ದ. ಫಿಲಿಪೀನ್ಸ್‌ನಲ್ಲಿ ತನ್ನ ದೇಶ ನಡೆಸುತ್ತಿದ್ದ ಯುದ್ಧದ ವಿರುದ್ಧ ಕಟುವಾಗಿ ಬರೆದವನು. ವೇದಿಕೆಯ ಟ್ವೇನ್ ಮನುಷ್ಯ ಸ್ವಭಾವದ ಬಗ್ಗೆ ಸಂದೇಹಪಡುತ್ತಾನೆ, ಸರ್ಕಾರದ ಬಗ್ಗೆ ಅಲ್ಲ. ಮದುವೆ ಮನೆಯಲ್ಲಿ ಚೇಷ್ಟೆ ಮಾಡುವ ಸೋದರಮಾವನಷ್ಟೇ ಅಪಾಯಕಾರಿ.

ಅಟ್ಟದಲ್ಲಿ ಇಲ್ಲದವರು

ಕಥೆ ಶುರುವಾಗುವುದು ಇಂಗ್ಲೆಂಡಿನ ವಲಸಿಗರನ್ನು ಹೊತ್ತು ಬಂದ 1620ರ ‘ಮೇಫ್ಲವರ್’ ಹಡಗಿನಿಂದ. ಪ್ರದರ್ಶನ ನಡೆಯುತ್ತಿರುವ ಫ್ಲಾರಿಡಾದಲ್ಲೇ, ಕಾರಿನಲ್ಲಿ ಎರಡು ತಾಸಿನ ದೂರದಲ್ಲಿ, ಸ್ಪೇನಿನವರು 1565ರಲ್ಲಿ ಕಟ್ಟಿದ ಸೇಂಟ್ ಆಗಸ್ಟೀನ್ ಪಟ್ಟಣ ಇವತ್ತಿಗೂ ಇದೆ. ಅದಿರಲಿ. ಬ್ರಿಟನ್ನಿನ ತೆರಿಗೆಯನ್ನು ವಿರೋಧಿಸಿ ಬಾಸ್ಟನ್ ಬಂದರಿನಲ್ಲಿ ಚಹಾ ಚೆಲ್ಲಿದ್ದು ಆಗುತ್ತದೆ, ಆಮೇಲೆ ಆ ಮೆಟ್ಟಿಲು.

ಗೌಟ್ ಹಿಡಿದ ಮುದುಕ ಮೆಟ್ಟಿಲು ಹತ್ತಿದರೆ ಗಂಟೇನು ಹೋಯಿತು ಎನ್ನಬಹುದು. ನಾಟಕದಲ್ಲಿ ಇಬ್ಬರು ಮಾತಾಡಬೇಕಾದರೆ ಒಬ್ಬ ಇನ್ನೊಬ್ಬನಲ್ಲಿಗೆ ಬರಲೇಬೇಕು. ಅದು ನಿಜ. ಆದರೆ ದಾಖಲೆಯಲ್ಲಿ ಸಿದ್ಧವಾಗಿಯೇ ಇದ್ದ ಒಂದು ದೃಶ್ಯವನ್ನು ನೋಡಿ.

ಕರಡು ಕಾಂಗ್ರೆಸ್ಸಿನ ಮುಂದೆ ಬಂದಾಗ ಸದಸ್ಯರು ಅದನ್ನು ಕೊಚ್ಚತೊಡಗಿದರು. ಸುಮಾರು ಕಾಲು ಭಾಗ ಹೋಯಿತು. ಜೆಫರ್ಸನ್ ತುಟಿ ಕಚ್ಚಿ ಕುಳಿತಿದ್ದ, ಪಕ್ಕದಲ್ಲಿ ಫ್ರಾಂಕ್ಲಿನ್ ಇದ್ದ. ಇದನ್ನು ಬರೆದಿಟ್ಟವನು ಸ್ವತಃ ಜೆಫರ್ಸನ್, 1818ರ ಒಂದು ಪತ್ರದಲ್ಲಿ. ಫ್ರಾಂಕ್ಲಿನ್ ಅವನನ್ನು ಸಮಾಧಾನಪಡಿಸಲು ಒಂದು ಕಥೆ ಹೇಳಿದ. ಜಾನ್ ಥಾಂಪ್ಸನ್ ಎಂಬ ಟೋಪಿಯವನು ಹೊಸ ಅಂಗಡಿಗೆ ಫಲಕ ಬರೆಸಲು ಹೊರಟ. ‘ಜಾನ್ ಥಾಂಪ್ಸನ್, ಟೋಪಿಗಾರ, ನಗದು ಹಣಕ್ಕೆ ಟೋಪಿ ಮಾಡಿ ಮಾರುತ್ತಾನೆ’, ಕೆಳಗೊಂದು ಟೋಪಿಯ ಚಿತ್ರ. ಗೆಳೆಯರಿಗೆ ತೋರಿಸಿದ. ಟೋಪಿ ಮಾಡುತ್ತಾನೆ ಎಂದ ಮೇಲೆ ಟೋಪಿಗಾರ ಎನ್ನುವುದೇಕೆ ಎಂದ ಒಬ್ಬ. ಯಾರು ಮಾಡಿದರೆ ಕೊಳ್ಳುವವನಿಗೇನು, ಮಾಡಿ ಎಂಬುದನ್ನು ತೆಗೆ ಎಂದ ಇನ್ನೊಬ್ಬ. ಇಲ್ಲಿ ಯಾರು ಸಾಲ ಕೊಡುತ್ತಾರೆ, ನಗದು ಎಂಬುದು ದಂಡ ಎಂದ ಮತ್ತೊಬ್ಬ. ಮಾರದೆ ಏನು ಬಿಟ್ಟಿ ಕೊಡುತ್ತೀಯಾ ಎಂದ ಮಗದೊಬ್ಬ. ಟೋಪಿ ಎಂಬ ಮಾತೂ ಬೇಡ, ಚಿತ್ರವಿದೆಯಲ್ಲ ಎಂದಾಯಿತು. ಕೊನೆಗೆ ಉಳಿದದ್ದು ಜಾನ್ ಥಾಂಪ್ಸನ್ ಎಂಬ ಹೆಸರು ಮತ್ತು ಒಂದು ಟೋಪಿ.

ಇದಕ್ಕಿಂತ ನಗುವುಕ್ಕಿಸುವ, ಇದಕ್ಕಿಂತ ಫ್ರಾಂಕ್ಲಿನ್‌ತನದ ಮೂರು ನಿಮಿಷಗಳನ್ನು ಯಾವ ಸಂಭಾಷಣೆಕಾರ ಹೊಸದಾಗಿ ಹುಟ್ಟಿಸಿಯಾನು? ಸಂದೇಹಪಡುವ ಇತಿಹಾಸಕಾರನಿಗೆ ತೋರಿಸಲು ಪತ್ರವೂ ಇದೆ.

ಆದರೆ ಈ ಕಥೆಯನ್ನು ವೇದಿಕೆಗೆ ತಂದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಹಾಗಾದರೆ ಆ ಕರಡಿನಿಂದ ಕಿತ್ತುಹಾಕಿದ್ದು ಏನು? ಕಿತ್ತುಹಾಕಿದ್ದರಲ್ಲಿ ದೊಡ್ಡದು ಗುಲಾಮರ ವ್ಯಾಪಾರವನ್ನು ಬ್ರಿಟನ್ನಿನ ದೊರೆಯ ತಲೆಗೆ ಕಟ್ಟಿ ಖಂಡಿಸಿದ ಭಾಗ. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದವರನ್ನು ಮೆಚ್ಚಿಸಲು ಅದನ್ನು ತೆಗೆದರು, ಉತ್ತರದವರಿಗೂ ಅದು ಅಷ್ಟೇನೂ ಹಿತವಾಗಿರಲಿಲ್ಲ ಎಂದು ಜೆಫರ್ಸನ್ನನೇ ಬರೆದಿದ್ದಾನೆ. ಬರೆದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಹೊಂದಿದ್ದವನು. ಫಿಲಡೆಲ್ಫಿಯಾದ ಆ ಬಾಡಿಗೆ ಮನೆಯಲ್ಲಿ ಅವನ ಸೇವೆಗೆ ಜೊತೆಗಿದ್ದವನು ರಾಬರ್ಟ್ ಹೆಮಿಂಗ್ಸ್, ಹದಿಹರೆಯದ ಗುಲಾಮ ಹುಡುಗ. 1762ರಲ್ಲಿ ಹುಟ್ಟಿದವನು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂಬ ಸಾಲು ಬರೆದ ಕೈಗೆ ನೀರು ತಂದುಕೊಟ್ಟವನು ಬಹುಶಃ ಅವನೇ.

ಅಟ್ಟದಲ್ಲಿ ಈಗ ಜೆಫರ್ಸನ್ ಇದ್ದಾನೆ, ಹತ್ತಿ ಬಂದ ಫ್ರಾಂಕ್ಲಿನ್ ಇದ್ದಾನೆ. ರಾಬರ್ಟ್ ಇಲ್ಲ. ಮೆಟ್ಟಿಲು ಹತ್ತಿಸಬೇಕೆಂಬ ತಂತ್ರಜ್ಞರ ಹುಮ್ಮಸ್ಸು ದೃಶ್ಯವನ್ನು ನಿರ್ಧರಿಸಿತೋ, ಅಥವಾ ದೃಶ್ಯ ಮೊದಲು ಬಂತೋ, ಎರಡನೆಯದನ್ನು ನಂಬುವುದು ನನಗೆ ಕಷ್ಟ. ಹುಡುಗನೊಬ್ಬನನ್ನು ಮೂಲೆಯಲ್ಲಿ ಸುಮ್ಮನೆ ನಿಲ್ಲಿಸಲು ಬೇಕಾಗಿದ್ದುದು ನಡೆಯುವ ಬೊಂಬೆಯಲ್ಲ. ಅಲುಗಾಡದ ಬೊಂಬೆಯೇ ಸಾಕಾಗಿತ್ತು, ಒಂದು ಮಾತೂ ಬೇಡವಾಗಿತ್ತು.

ಮಾತಿಲ್ಲದೆ ನಿಲ್ಲಿಸುವುದು ಅವರಿಗೆ ಗೊತ್ತಿಲ್ಲದ್ದೂ ಅಲ್ಲ. ಮುಂದಿನ ದೃಶ್ಯವೇ ಅದಕ್ಕೆ ಸಾಕ್ಷಿ. 1777–78ರ ಚಳಿಗಾಲದಲ್ಲಿ ವಾಷಿಂಗ್ಟನ್ನನ ಸೇನೆ ಬಿಡಾರ ಹೂಡಿದ್ದ ವ್ಯಾಲಿ ಫೋರ್ಜ್. ಕಾವಲಿಗಿದ್ದ ಇಬ್ಬರು ಸೈನಿಕರು ಚಳಿಯನ್ನೂ ಹಸಿವನ್ನೂ ಬಯ್ಯುತ್ತಾ ನಡುಗುತ್ತಿದ್ದಾರೆ. ಪಕ್ಕದಲ್ಲಿ ಕುದುರೆಯ ಮೇಲೆ ವಾಷಿಂಗ್ಟನ್. ಒಂದು ಮಾತಾಡುವುದಿಲ್ಲ. ಆ ಬಿಡಾರದಲ್ಲಿ ರೋಗಕ್ಕೆ ಸುಮಾರು 2,000 ಮಂದಿ ಸತ್ತರು. ಸೈನಿಕರ ಮಾತು ಕಲ್ಪನೆಯದ್ದು, ಸೇನಾಪತಿಯ ಮೌನ ಕಲ್ಪನೆಯದ್ದು. ಆದರೂ ಇಡೀ ಪ್ರದರ್ಶನದಲ್ಲಿ ನನಗೆ ಅತ್ಯಂತ ನಿಜವೆನಿಸಿದ್ದು ಇದು. ಮಹಾಪುರುಷನ ಬಾಯಿಗೆ ಹೊಸ ಮಾತು ತುರುಕದೆ, ಹೆಸರಿಲ್ಲದವರ ಬಾಯಿಗೆ ಅವರು ಆಡಿರಬಹುದಾದ ಮಾತನ್ನಷ್ಟೇ ಕೊಟ್ಟಿದ್ದಾರೆ.

ತೆಪ್ಪದ ಮೇಲೆ ಡಗ್ಲಸ್

ಗುಲಾಮಗಿರಿಯ ಮಾತು ಬರುವುದು, ಅದರಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್‌ನಿಂದ. ರಾತ್ರಿಯ ನದಿ, ಜೀರುಂಡೆಯ ಸದ್ದು, ತೆಪ್ಪದ ಮೇಲೆ ಒಂಟಿಯಾಗಿ ನಿಂತ ಡಗ್ಲಸ್. ಇಂಥ ಪ್ರಶಾಂತ ನದಿಯಲ್ಲೂ ಸರಪಳಿಯ, ಚಾಟಿಯ ಸದ್ದು ಕೇಳಿಸುತ್ತದೆ ಎನ್ನುತ್ತಾನೆ. 1982ರಲ್ಲಿ ಒಂದು ಮೋಜಿನ ಉದ್ಯಾನದ ವೇದಿಕೆಯ ಮೇಲೆ ಚಾಟಿ ಎಂಬ ಪದ ಬಂದದ್ದೇ ದೊಡ್ಡದು, ಅದನ್ನು ಒಪ್ಪಬೇಕು.

ಆದರೆ ತೆಪ್ಪ ಯಾರದ್ದು? ಅದು ಟ್ವೇನ್‌ನ ಕಾದಂಬರಿಲೋಕದ ತೆಪ್ಪ, ಮಿಸಿಸಿಪ್ಪಿಯ ತೆಪ್ಪ. ಡಗ್ಲಸ್ ಹುಟ್ಟಿದ್ದು ಮೇರಿಲ್ಯಾಂಡ್‌ನಲ್ಲಿ. ಅವನಿಗೆ ಗೊತ್ತಿದ್ದ ನೀರು ಚೆಸಪೀಕ್ ಕೊಲ್ಲಿಯದ್ದು. ಬಾಲ್ಟಿಮೋರ್‌ನ ಹಡಗುಕಟ್ಟೆಯಲ್ಲಿ ಹಲಗೆಗಳ ಸಂದಿಗೆ ನಾರು ತುಂಬಿ ನೀರು ಸೋರದಂತೆ ಮಾಡುವುದು ಅವನ ಕಸುಬಾಗಿತ್ತು. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ತೊಟ್ಟು, ಪರಿಚಿತನೊಬ್ಬನ ನಾವಿಕ ಪತ್ರವನ್ನು ಎರವಲು ಪಡೆದು ರೈಲು ಹತ್ತಿದ. ಪತ್ರದಲ್ಲಿದ್ದ ವಿವರಣೆ ಅವನಿಗೆ ಹೊಂದುತ್ತಿರಲಿಲ್ಲ. ಕಂಡಕ್ಟರ್ ಪೂರ್ತಿ ಓದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರೈಲು, ದೋಣಿ, ಮತ್ತೆ ಉಗಿಹಡಗು, ಹೀಗೆ 24 ಗಂಟೆ ಕಳೆಯುವಷ್ಟರಲ್ಲಿ ನ್ಯೂಯಾರ್ಕ್ ಮುಟ್ಟಿದ.

ಇಲ್ಲಿ ನನ್ನ ತಕರಾರು ಇದು. ಫ್ರಾಂಕ್ಲಿನ್ ಟ್ವೇನ್‌ನೊಡನೆ ಹರಟುವುದು ಸುಳ್ಳೆಂದು ಎಲ್ಲರಿಗೂ ಗೊತ್ತು. ಡಗ್ಲಸ್ ತೆಪ್ಪದ ಮೇಲಿದ್ದದ್ದು ಸುಳ್ಳೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಸುಳ್ಳಿನ ಹಣೆಯ ಮೇಲೆ ಗುರುತಿಲ್ಲ. ಅದು ದಾಖಲೆಯ ವೇಷದಲ್ಲಿ ಬಂದು ಕೂರುತ್ತದೆ. ಕೈಕೆಲಸ ಬಲ್ಲ, ರೈಲು ಹತ್ತುವಷ್ಟು ಚಾಣಾಕ್ಷನಾದ ನಗರದ ಯುವಕ ಹೋಗಿ, ನದಿಯ ಮೇಲೆ ತೇಲುವ ಒಂದು ಕನಸಿನಂಥ ಆಕೃತಿ ಉಳಿಯುತ್ತದೆ. ಗುಲಾಮಗಿರಿಯಿಂದ ಪಾರಾದದ್ದು ಪ್ರವಾಹದ ಕೃಪೆ ಎಂಬಂತೆ.

ಇದೇ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್ ಊರಿನಲ್ಲಿ, ಗುಲಾಮನಿಗೆ ನಿಮ್ಮ ಸ್ವಾತಂತ್ರ್ಯ ದಿನವಾದ ಜುಲೈ 4 ಎಂದರೆ ಏನು ಎಂದು ಕೇಳಿದವನು. ದೇಶಭಕ್ತಿಯ ಪ್ರದರ್ಶನವೊಂದಕ್ಕೆ ಇದಕ್ಕಿಂತ ಸರಿಯಾದ ಪ್ರಶ್ನೆ ಬೇರೆ ಇಲ್ಲ. ಏಕೆಂದರೆ ಆ ಭಾಷಣದಲ್ಲಿ ಅವನು ಘೋಷಣೆಯನ್ನು ತಿರಸ್ಕರಿಸುವುದಿಲ್ಲ, ಅದನ್ನು ಬರೆದವರನ್ನು ಹೊಗಳುತ್ತಾನೆ, ಅದನ್ನು ಪಾಲಿಸದವರ ಮುಖಕ್ಕೆ ಅದನ್ನೇ ಹಿಡಿಯುತ್ತಾನೆ. ಅಟ್ಟದ ದೃಶ್ಯಕ್ಕೂ ಈ ದೃಶ್ಯಕ್ಕೂ ನಡುವೆ ಬೇಕಾಗಿದ್ದ ಕೊಂಡಿ ಅದು.

ನಿಜದ ಚಿತ್ರ, ಜೋಡಿಸಿದ ಚಿತ್ರ

ಅಂತರ್ಯುದ್ಧವನ್ನು ಒಂದು ಕುಟುಂಬದ ಭಾವಚಿತ್ರದ ಮೂಲಕ ಹೇಳಿದ್ದಾರೆ. ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿ ಚಿತ್ರ ತೆಗೆಯಲು ನಿಂತಿದ್ದಾನೆ. ಮನೆಯ ಇಬ್ಬರು ಗಂಡುಮಕ್ಕಳು ಜಗಳಕ್ಕೆ ಬೀಳುತ್ತಾರೆ, ಒಬ್ಬ ಉತ್ತರದ ನೀಲಿ ಸಮವಸ್ತ್ರ, ಇನ್ನೊಬ್ಬ ದಕ್ಷಿಣದ ಬೂದು ಸಮವಸ್ತ್ರ ತೊಡುತ್ತಾನೆ. ಆಮೇಲೆ ಪರದೆಯ ಮೇಲೆ ಹಾಡಿನ ಜೊತೆ ಛಾಯಾಚಿತ್ರಗಳು. ಈ ಕಲ್ಪಿತ ಕುಟುಂಬದ ಚಿತ್ರಗಳನ್ನೂ ಯುದ್ಧಕಾಲದ ನಿಜವಾದ ಚಿತ್ರಗಳನ್ನೂ ಬೆರೆಸಿದ್ದಾರೆ. ಕೊನೆಯ ಕುಟುಂಬ ಚಿತ್ರದಲ್ಲಿ ಒಬ್ಬ ಮಗ ಇಲ್ಲ. ಕಣ್ಣು ಒದ್ದೆಯಾಗುತ್ತದೆ, ಸುಳ್ಳು ಹೇಳಲಾರೆ.

ಬೆರೆಸಿದ್ದನ್ನು ತಪ್ಪೆನ್ನುವ ಮೊದಲು ನಿಜವಾದ ಚಿತ್ರಗಳ ಕಥೆಯೂ ಗೊತ್ತಿರಬೇಕು. ಬ್ರೇಡಿಯ ಹೆಸರಿನಲ್ಲಿರುವ ಎಷ್ಟೋ ಚಿತ್ರಗಳನ್ನು ತೆಗೆದವರು ಅವನ ಸಹಾಯಕರು. ಅವನ ಬಳಿಯೇ ಕೆಲಸ ಮಾಡಿ ಹೊರಬಂದ ಅಲೆಕ್ಸಾಂಡರ್ ಗಾರ್ಡ್ನರ್ 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದಿದೆ. ಬಂಡೆಗಳ ಮರೆಯಲ್ಲಿ ಸತ್ತುಬಿದ್ದ ಬಂದೂಕುಗಾರನದ್ದು. ಹೆಣವನ್ನು ಬೇರೆ ಕಡೆಯಿಂದ ಹೊತ್ತು ತಂದು ಮಲಗಿಸಿ, ಪಕ್ಕದಲ್ಲಿ ಬಂದೂಕು ಒರಗಿಸಿದ್ದರು ಎಂಬುದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಸಂಶೋಧಕರಿಗೆ ತಿಳಿಯಿತು. ದಾಖಲೆಯೇ ರಂಗಸಜ್ಜಿಕೆ ಮಾಡಿಕೊಂಡಿತ್ತು.

ಹಾಗಾಗಿ ಚಿತ್ರಗಳ ಬೆರಕೆಗಿಂತ ನನ್ನನ್ನು ಹೆಚ್ಚು ಕಾಡುವುದು ಕಥೆಯ ಆಯ್ಕೆ. ಅಣ್ಣತಮ್ಮಂದಿರ ಜಗಳವೆಂದರೆ ಎರಡೂ ಕಡೆ ಸಮಾನ ದುಃಖ. ಯಾರು ಸರಿ ಎಂದು ಕೇಳಲು ನಾಲಿಗೆ ಬರುವುದಿಲ್ಲ, ತಾಯಿಯ ಮುಖ ನೋಡಿ ಸುಮ್ಮನಾಗುತ್ತೇವೆ. ಯುದ್ಧ ನಡೆದದ್ದು ಮನೆಯೊಳಗಿನ ಮನಸ್ತಾಪಕ್ಕಲ್ಲ, ಎರಡು ನಿಮಿಷ ಹಿಂದೆ ತೆಪ್ಪದ ಮೇಲಿದ್ದವನ ಜನರ ವಿಷಯಕ್ಕೆ. ಆ ಜನರಲ್ಲಿ ಸುಮಾರು 1,80,000 ಮಂದಿ ಉತ್ತರದ ಸೇನೆ ಸೇರಿ ಹೋರಾಡಿದರು. ಬ್ರೇಡಿಯ ಮುಂದೆ ಕುಳಿತದ್ದು ಬಿಳಿಯರ ಕುಟುಂಬ ಮಾತ್ರ.

ಅಡ್ಡಬಂದವರು

ಯುದ್ಧ ಮುಗಿದು, ಹೊಸ ಉದಯ ಎಂಬ ಮಾತು ಬರುವಷ್ಟರಲ್ಲಿ ನೆಜ್ ಪರ್ಸ್ ಬುಡಕಟ್ಟಿನ ಮುಖಂಡ ಜೋಸೆಫ್ ಎದ್ದು ನಿಲ್ಲುತ್ತಾನೆ. ನಿಮ್ಮ ಮಾತು ಸಾಕು ಎನ್ನುತ್ತಾನೆ. ನಿರೂಪಕರನ್ನೇ ತಡೆದು ನಿಲ್ಲಿಸುವ ಪಾತ್ರ ಅದು. ಪ್ರದರ್ಶನದ ಲಯವೇ ಅಲ್ಲಿ ತುಂಡಾಗುತ್ತದೆ, ತುಂಡಾಗಬೇಕು.

ಅವನ ಬಾಯಲ್ಲಿ ಬರುವ, ಇನ್ನೆಂದೂ ಯುದ್ಧ ಮಾಡುವುದಿಲ್ಲ ಎಂಬ ಮಾತು 1877ರ ಅಕ್ಟೋಬರ್ 5ರ ಶರಣಾಗತಿಯದ್ದು. ಸುಮಾರು 1,900 ಕಿಲೋಮೀಟರ್ ಹಿಮ್ಮೆಟ್ಟುತ್ತಾ ಹೋರಾಡಿ, ಕೆನಡಾದ ಗಡಿ ಇನ್ನು 65 ಕಿಲೋಮೀಟರ್ ಇರುವಾಗ ಸಿಕ್ಕಿಬಿದ್ದ ದಿನ. ಹೃದಯ ಭಾರವಾಗಿದೆ ಎಂಬ ಮಾತು 1879ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮಾಡಿದ ಭಾಷಣದ್ದು. ಎರಡನ್ನೂ ಒಂದೇ ಉಸಿರಿಗೆ ಹೊಲಿದಿದ್ದಾರೆ. ಹೊಲಿಗೆ ಅಲ್ಲಿಗೇ ನಿಲ್ಲುವುದಿಲ್ಲ. ಶರಣಾಗತಿಯ ಆ ಜಗತ್ಪ್ರಸಿದ್ಧ ಮಾತು ನಮಗೆ ಬಂದಿರುವುದು ಎದುರು ಪಕ್ಷದ ಸೇನಾಧಿಕಾರಿ ಚಾರ್ಲ್ಸ್ ವುಡ್‌ನ ಬರವಣಿಗೆಯಲ್ಲಿ, ಅದೂ ಅನುವಾದದ ಮೂಲಕ. ವುಡ್ ಸ್ವತಃ ಕವಿ. ಆ ಸೊಗಸಾದ ವಾಕ್ಯಗಳಲ್ಲಿ ಜೋಸೆಫ್ ಎಷ್ಟು, ವುಡ್ ಎಷ್ಟು ಎಂದು ಇತಿಹಾಸಕಾರರು ಇನ್ನೂ ಬಿಡಿಸುತ್ತಲೇ ಇದ್ದಾರೆ. ಜೋಸೆಫ್‌ಗೆ ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲ. ಹುಟ್ಟಿದ ಕಣಿವೆಗೆ ಮರಳಿ ಬಾಳಲು ಬಿಡದೆ, ಅವನು 1904ರಲ್ಲಿ ಬೇರೆ ನೆಲದಲ್ಲಿ ಸತ್ತ. ಇದನ್ನು ಹೇಳಲು ಒಂದೇ ವಾಕ್ಯ ಸಾಕಿತ್ತು. ಶರಣಾದವನ ಸೊಗಸಾದ ಮಾತನ್ನು ಉಳಿಸಿಕೊಂಡು ಅವನಿಗೆ ಮುಂದೆ ಆದದ್ದನ್ನು ಬಿಡುವುದು ಗೆದ್ದವರ ಹಳೆಯ ಚಾಳಿ.

ಜೋಸೆಫ್‌ನ ನಂತರ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಮೇಳ ಬರುತ್ತದೆ. ಹಿಂದುಮುಂದಾಗಿದೆ ಎಂದು ಗಮನಿಸಿದವರು ಕಡಿಮೆ. ಅಲ್ಲಿ ಸೂಸನ್ ಬಿ. ಆಂಥೊನಿ ಮಹಿಳೆಯರ ಹಕ್ಕಿನ ಮಾತೆತ್ತುತ್ತಾಳೆ. ಇದು ಕಲ್ಪನೆ ಎಂದುಕೊಂಡು ಪರಿಶೀಲಿಸಲು ಹೊರಟರೆ ನಿಜವೇ ಇನ್ನೂ ಜೋರಾಗಿದೆ. 1876ರ ಜುಲೈ 4ರಂದು ಅದೇ ಊರಿನಲ್ಲಿ ಅಧಿಕೃತ ಸಮಾರಂಭ ನಡೆಯುತ್ತಿದ್ದಾಗ ಆಕೆ ನಾಲ್ವರು ಸಂಗಾತಿಯರೊಡನೆ ಕರೆಯದೆ ವೇದಿಕೆಯತ್ತ ನಡೆದು, ಮಹಿಳೆಯರ ಹಕ್ಕುಗಳ ಘೋಷಣೆಯನ್ನು ಅಧ್ಯಕ್ಷತೆ ವಹಿಸಿದ್ದವನ ಕೈಗೆ ತುರುಕಿ, ಪ್ರತಿಗಳನ್ನು ಹಂಚುತ್ತಾ ಹೊರಬಂದು, ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ನಾಲ್ಕು ವರ್ಷ ಮೊದಲು, ಹೆಂಗಸಾಗಿ ಮತ ಹಾಕಿದ ತಪ್ಪಿಗೆ ಬಂಧನವಾಗಿ, 100 ಡಾಲರ್ ದಂಡ ಬಿದ್ದಿತ್ತು. ಕೊನೆಗೂ ಕಟ್ಟಲಿಲ್ಲ. ಬೊಂಬೆ ಆಂಥೊನಿ ಸಭ್ಯವಾಗಿ ನಿಂತು ಮಾತಾಡುತ್ತಾಳೆ.

ಇಪ್ಪತ್ತನೆಯ ಶತಮಾನ ಓಡಿಹೋಗುತ್ತದೆ. 1903ರಲ್ಲಿ ಯೊಸೆಮಿಟಿ ಕಾಡಿನಲ್ಲಿ ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್ ಮತ್ತು ಅಧ್ಯಕ್ಷ ಥಿಯೊಡರ್ ರೂಸ್ವೆಲ್ಟ್ ನಿಜಕ್ಕೂ ಮೂರು ರಾತ್ರಿ ಬಯಲಲ್ಲಿ ಮಲಗಿದ್ದರು. ಆ ದೃಶ್ಯ ದಾಖಲೆಗೆ ಬಲು ಹತ್ತಿರ, ಅಷ್ಟೇ ಸಪ್ಪೆ. ಆರ್ಥಿಕ ಕುಸಿತದ ಕಾಲದ ಪೆಟ್ರೋಲ್ ಅಂಗಡಿಯ ಜಗಲಿಯಲ್ಲಿ ಕರಿಯನೂ ಬಿಳಿಯರೂ ಬಡತನವನ್ನು ಹಾಡಾಗಿ ಹಂಚಿಕೊಳ್ಳುತ್ತಾರೆ. ಎರಡನೆಯ ಮಹಾಯುದ್ಧಕ್ಕೆ ರಿವೆಟ್ ಹೊಡೆಯುವ ರೋಸಿ ಬರುತ್ತಾಳೆ. ಅವಳು ಮೊದಲಿನಿಂದಲೂ ಪ್ರಚಾರಕ್ಕೆ ಹುಟ್ಟಿದ ಪಾತ್ರ. 1945ರ ಆಚೆಗಿನ ಇತಿಹಾಸಕ್ಕೆ ಬೊಂಬೆಗಳೇ ಇಲ್ಲ, ಪರದೆಯ ಮೇಲೆ ಓಡುವ ಮುಖಗಳು ಮತ್ತು ಹಾಡು. ಬದುಕಿರುವವರಿಗೆ ನೆನಪಿರುವ ಕಾಲವನ್ನು ಮಾತಿಗೆ ಕೊಡದೆ ಸಂಗೀತಕ್ಕೆ ಕೊಟ್ಟರು. ಹಾಡನ್ನು ಯಾರೂ ಅಡ್ಡಪ್ರಶ್ನೆ ಕೇಳುವುದಿಲ್ಲವಷ್ಟೆ. ಆ ಮುಖಗಳ ಸಾಲನ್ನು ಆಗಾಗ ಬದಲಿಸಿದ್ದಾರೆ. ಅಟ್ಟ, ತೆಪ್ಪ ಮಾತ್ರ ಇದ್ದಲ್ಲೇ ಇವೆ.

ಅದೇ ಮನೆಯ ಬೇರೆ ಪ್ರಯತ್ನಗಳು

ಡಿಸ್ನಿಯವರು ಇತಿಹಾಸದೊಡನೆ ಗುದ್ದಾಡಿದ್ದು ಇದೊಂದೇ ಸಲವಲ್ಲ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅವರ ಯಂತ್ರ ಲಿಂಕನ್ ಎದ್ದು ನಿಂತು ಭಾಷಣ ಮಾಡಿದ. ಮುಖವನ್ನು 1860ರಲ್ಲಿ ಲಿಂಕನ್ ಬದುಕಿದ್ದಾಗಲೇ ತೆಗೆದ ಅಚ್ಚಿನಿಂದ ರೂಪಿಸಿದ್ದರು. ಮಾತುಗಳನ್ನು ಅವನ ಬೇರೆ ಬೇರೆ ಭಾಷಣಗಳಿಂದ ಆಯ್ದು ಪೋಣಿಸಿದ್ದರು. ಮಾತು ಲಿಂಕನ್ನನದ್ದೇ, ಭಾಷಣ ಲಿಂಕನ್ ಎಂದೂ ಮಾಡದ್ದು.

ಫ್ಲಾರಿಡಾದಲ್ಲೇ ಇರುವ ‘ಹಾಲ್ ಆಫ್ ಪ್ರೆಸಿಡೆಂಟ್ಸ್’ ಎಂಬ ಅಧ್ಯಕ್ಷರ ಬೊಂಬೆ ಪ್ರದರ್ಶನ 1971ರಿಂದ ನಡೆಯುತ್ತಿತ್ತು. 1993ರಲ್ಲಿ ಇತಿಹಾಸಕಾರ ಎರಿಕ್ ಫೋನರ್ ಅವರ ನೆರವಿನಿಂದ ಅದರ ನಿರೂಪಣೆಯನ್ನು ತಿದ್ದಿದರು, ಗುಲಾಮಗಿರಿಯ ಪ್ರಶ್ನೆಯನ್ನು ನಡುಮನೆಗೆ ತಂದರು, ಕವಯಿತ್ರಿ ಮಾಯಾ ಏಂಜೆಲೊ ಅವರಿಂದ ಓದಿಸಿದರು. ಪ್ರೇಕ್ಷಕರು ಎದ್ದು ಹೋಗಲಿಲ್ಲ. ಮಕ್ಕಳೊಂದಿಗೆ ಬಂದವರು ಕಹಿ ಕೇಳಲಾರರು ಎಂಬ ಹಳೆಯ ಸಮರ್ಥನೆಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ವರ್ಜೀನಿಯಾದ ಹೇಮಾರ್ಕೆಟ್ ಬಳಿ, ಅಂತರ್ಯುದ್ಧದ ಮನಾಸಸ್ ರಣಭೂಮಿಗೆ ಹತ್ತಿರದಲ್ಲೇ, ಸುಮಾರು 3,000 ಎಕರೆಯಲ್ಲಿ ‘ಡಿಸ್ನೀಸ್ ಅಮೆರಿಕ’ ಎಂಬ ಉದ್ಯಾನ ಕಟ್ಟುತ್ತೇವೆ ಎಂದರು. ಗುಲಾಮನಾಗಿದ್ದರೆ ಹೇಗಿರುತ್ತಿತ್ತು ಎಂದು ನೋಡುಗರಿಗೆ ಅನುಭವ ಮಾಡಿಸುತ್ತೇವೆ ಎಂಬ ಮಾತು ಅವರ ಕಡೆಯಿಂದಲೇ ಬಂತು. ಡೇವಿಡ್ ಮೆಕಲಾ, ಜೇಮ್ಸ್ ಮ್ಯಾಕ್‌ಫರ್ಸನ್‌ರಂಥ ಇತಿಹಾಸಕಾರರು ತಿರುಗಿಬಿದ್ದರು. 1994ರ ಸೆಪ್ಟೆಂಬರ್ 28ರಂದು ಯೋಜನೆಯನ್ನು ಕೈಬಿಟ್ಟರು. ಇತಿಹಾಸಕಾರರ ಜೊತೆ ಕುಳಿತು ಒಂದು ಬೊಂಬೆಯಾಟವನ್ನು ತಿದ್ದಿದ ವರ್ಷವೇ, ಅವರನ್ನು ಕೇಳದೆ ಒಂದು ಊರನ್ನೇ ಕಟ್ಟಲು ಹೊರಟಿದ್ದರು.

ನನ್ನ ಕೈಗೆ ಕತ್ತರಿ ಕೊಟ್ಟರೆ ಟ್ವೇನ್–ಫ್ರಾಂಕ್ಲಿನ್ ಹರಟೆಯಲ್ಲಿ ಒಂದು ಅಕ್ಷರವನ್ನೂ ತೆಗೆಯುವುದಿಲ್ಲ. ಮೆಟ್ಟಿಲನ್ನು ತೆಗೆದು ಟೋಪಿಯವನ ಕಥೆ ಹಾಕುತ್ತೇನೆ. ಮೂಲೆಯಲ್ಲಿ ರಾಬರ್ಟ್ ನಿಲ್ಲುತ್ತಾನೆ. ತೆಪ್ಪ ಹೋಗಿ ರೈಲಿನ ಡಬ್ಬಿ ಬರುತ್ತದೆ, ಕಂಡಕ್ಟರನ ಕೈ ಆ ಪತ್ರದ ಮೇಲೆ ಒಂದು ಕ್ಷಣ ತಡೆಯುತ್ತದೆ. ತಂತ್ರಜ್ಞರಿಗೆ ನಡೆಯುವ ಬೊಂಬೆ ಬೇಕೇ ಬೇಕೆಂದಿದ್ದರೆ ವೇದಿಕೆಯತ್ತ ನಡೆದು ಹೋದ ಸೂಸನ್ ಆಂಥೊನಿ ಇದ್ದಾಳೆ.

ಕೊನೆಯ ದೃಶ್ಯವನ್ನೂ ಮುಟ್ಟುವುದಿಲ್ಲ. ಅದರಲ್ಲಿ ಫ್ರಾಂಕ್ಲಿನ್ ಮತ್ತು ಟ್ವೇನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪಂಜಿನ ಮೇಲೆ ನಿಂತು ಮಾತಾಡುತ್ತಾರೆ. ಪ್ರದರ್ಶನದ ಅತ್ಯಂತ ಅಸಾಧ್ಯ ಚಿತ್ರವೆಂದು ನೋಡುವವರಿಗೆ ಅನ್ನಿಸುವುದು ಅದೇ. 1916ರಿಂದ ಆ ಪಂಜಿನವರೆಗೆ ಸಾರ್ವಜನಿಕರನ್ನು ಬಿಟ್ಟಿಲ್ಲ. ಆದರೆ ಪ್ರತಿಮೆ ಇನ್ನೂ ಪೂರ್ತಿಯಾಗುವ ಮೊದಲು ಅದರ ಕೈ ಮತ್ತು ಪಂಜನ್ನು ಮಾತ್ರ 1876ರ ಫಿಲಡೆಲ್ಫಿಯಾ ಮೇಳದಲ್ಲಿ ನಿಲ್ಲಿಸಿದ್ದರು. 50 ಸೆಂಟ್ ಕೊಟ್ಟವರು ಏಣಿ ಹತ್ತಿ ಪಂಜಿನ ಸುತ್ತಲಿನ ಮೊಗಸಾಲೆಯಲ್ಲಿ ನಿಲ್ಲಬಹುದಿತ್ತು. ಟ್ವೇನ್‌ಗೆ ಆಗ ನಲವತ್ತು. ಏಳು ವರ್ಷಗಳ ಮೇಲೆ, ಪ್ರತಿಮೆಯ ಪೀಠಕ್ಕೆ ಚಂದಾ ಎತ್ತುವವರು ಅವನನ್ನೂ ಕೇಳಿದರು. ಹಣದ ಜೊತೆ ಒಂದು ಪತ್ರ ಕಳಿಸಿದ. ಸ್ವಾತಂತ್ರ್ಯ ದೇವಿಗೇಕೆ ಪ್ರತಿಮೆ, ಆದಿಪುರುಷ ಆದಮನಿಗೆ ಕಟ್ಟಿಸಿ ಎಂದು ತಮಾಷೆ ಮಾಡಿದ. ಕಟ್ಟಲೇಬೇಕೆಂದರೆ ಆರು ಸಾವಿರ ವರ್ಷಗಳ ಅವಮಾನ ಹೊತ್ತ ಮುದುಕಿಯಾಗಿ, ಬೆನ್ನು ಬಾಗಿ, ಹರಕು ಬಟ್ಟೆಯಲ್ಲಿ ಅವಳು ನಿಲ್ಲಲಿ ಎಂದೂ ಬರೆದ. ಪಂಜಿನ ಮೇಲಿನ ಟ್ವೇನ್ ಆ ಪತ್ರದ ಮಾತೆತ್ತುವುದಿಲ್ಲ. ಚುಟ್ಟ ಹಿಡಿದು ಮುಂದಿನ ಪ್ರದರ್ಶನಕ್ಕೆ ಕಾಯುತ್ತಾನೆ.